ಎಂಟನೇ ಮಗ್ಗದವರೆಗೆ ಕೇಳಬೇಕು

ನನ್ನ ಭಾವ ಗುರುಸಾಮಿ ಗಿಟಾರ್ ಬಾರಿಸುತ್ತಾರೆ ಎಂಬುದು ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಗೆಲ್ಲ ಗೊತ್ತಿತ್ತು. ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅವರು ಬಾರಿಸುವ ಮುಂದಿನ ಕೋಣೆಗೂ ಎಂಟು ಪವರ್‌ಲೂಮ್ ಓಡುವ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಗೊಂದು ಬಾಗಿಲು, ಬಾಗಿಲಿಗೆ ಕದವಿಲ್ಲ. ಮಗ್ಗ ನಿಂತಾಗ ಬಾರಿಸಬಹುದಲ್ಲ ಎನ್ನುತ್ತೀರಿ. ನಾನೂ ಅಂದಿದ್ದೆ. ಮಗ್ಗ ನಿಂತರೆ ಭಾವನ ಕೈಯೂ ನಿಲ್ಲುತ್ತಿತ್ತು. ಯಾರಾದರೂ ಕೇಳಿಸಿಕೊಂಡುಬಿಟ್ಟರೆ ಎಂಬ ನಾಚಿಕೆ ಅವರಿಗೆ.

ಆ ಗಿಟಾರ್ ಮನೆಗೆ ಬಂದದ್ದು ನೂಲಿನ ಅಂಗಡಿಯವರ ದೀಪಾವಳಿ ಲಕ್ಕಿ ಡ್ರಾದಲ್ಲಿ. ಮೊದಲ ಬಹುಮಾನ ಸ್ಕೂಟರ್, ಎರಡನೆಯದು ಮಿಕ್ಸಿ, ಮೂರನೆಯದು ಇದು. ನನ್ನ ಅಕ್ಕ ಚಂದ್ರಾ ಮಿಕ್ಸಿಗೆಂದು ಹರಕೆ ಹೊತ್ತಿದ್ದಳು, ಹೀಗಾಗಿ ಗಿಟಾರನ್ನು ಮೊದಲ ದಿನದಿಂದಲೇ ಸವತಿಯ ಹಾಗೆ ನೋಡಿದಳು. ಭಾವ ಫೋನಿನಲ್ಲಿ ಪಾಠ ನೋಡಿ ಕಲಿತರು. ನೋಡಿ ಎಂದರೆ ಬರೀ ನೋಡಿಯೇ. ಆ ಗದ್ದಲದಲ್ಲಿ ಫೋನಿನ ಸದ್ದು ಯಾರಿಗೆ ಕೇಳಿಸಬೇಕು? ಮೇಷ್ಟರ ಬೆರಳು ಎಲ್ಲಿಗೆ ಹೋದರೆ ಇವರ ಬೆರಳೂ ಅಲ್ಲಿಗೆ. ಸರಿಯಾಯಿತೋ ಇಲ್ಲವೋ ತಿಳಿಯಲು ಗಲ್ಲವನ್ನು ಗಿಟಾರಿನ ಅಂಚಿಗೆ ಒತ್ತಿ ಹಿಡಿಯುತ್ತಿದ್ದರು, ಹಲ್ಲಿಗೆ ಗೊತ್ತಾಗುತ್ತಿತ್ತಂತೆ. ಹೀಗೆ ನಾಲ್ಕು ವರ್ಷ ಸಾಧನೆ ನಡೆಯಿತು.

ಎಲ್ಲ ಕೆಟ್ಟದ್ದು ಮಂಜೇಶನಿಂದ. ಅವನು ದಾವಣಗೆರೆ ಕಡೆಯವನು, ಕೊಯಮತ್ತೂರಿನ ಒಂದು ಕಂಪನಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬಂದು ನಮ್ಮ ಬಟ್ಟೆಯ ಗುಣಮಟ್ಟ ನೋಡಿ ಹೋಗುತ್ತಾನೆ. ಒಳ್ಳೆಯ ಹುಡುಗ, ಆದರೆ ಮಾತು ಎಷ್ಟು ಮೆತ್ತಗೆ ಎಂದರೆ ನಮ್ಮ ಮನೆಯಲ್ಲಿ ಅವನ ಬಾಯಿ ಅಲ್ಲಾಡುವುದನ್ನು ನೋಡಿಯೇ ಎಲ್ಲರೂ ಉತ್ತರ ಕೊಡುವುದು. ಒಂದು ದಿನ ಅವನು ಗಿಟಾರ್ ನೋಡಿಬಿಟ್ಟ.

"ಸಾರ್, ನೀವು ಬಾರಿಸ್ತೀರಾ? ನಮ್ಮ ಅಪಾರ್ಟ್‌ಮೆಂಟಲ್ಲಿ ಕನ್ನಡದವರು ಒಂದು ನಲವತ್ತು ಜನ ಇದ್ದೀವಿ. ಮುಂದಿನ ಭಾನುವಾರ ಸಂಜೆ ಹಾಡು-ಗೀಡು ಇಟ್ಕೊಂಡಿದ್ದೀವಿ. ದಯವಿಟ್ಟು ಬಂದು ಹತ್ತು ನಿಮಿಷ ನುಡಿಸಬೇಕು."

'ಬರುವುದಿಲ್ಲ' ಎಂದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಭಾವ ಎದೆ ಉಬ್ಬಿಸಿ ಹೇಳಿದರು, "ಬರ್ತೀನಿ ಸಾರ್. ಆದ್ರೆ ನನ್ನ ಸೆಟ್ಟು ತಂದ್ಕೋತೀನಿ. ಸೆಟ್ಟಿಲ್ದೆ ನಾನು ಸ್ಟೇಜು ಹತ್ತದಿಲ್ಲೆ."

ಅವರ ಬಳಿ ಸೆಟ್ಟೂ ಇರಲಿಲ್ಲ, ಅವರು ಸ್ಟೇಜನ್ನು ಹತ್ತಿದ್ದೂ ಇಲ್ಲ.

ಆರನೇ ಮಗ್ಗದ ಹತ್ತಿರ ನಿಂತಿದ್ದ ಅಕ್ಕ ಈ ಮಾತನ್ನು ತುಟಿ ನೋಡಿಯೇ ಓದಿಕೊಂಡಳು. ಸಾಯಂಕಾಲ ನಾನೂ ಇರುವಾಗ ಶರತ್ತು ಹಾಕಿದಳು. ಅವಳಿಗೆ ಬಹಳ ದಿನದಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಹೊಸ ಮಿಷಿನ್ ಬೇಕಿತ್ತು. ಅದಕ್ಕೆ ಜಾಗವಿದ್ದದ್ದು ಗಿಟಾರಿನ ಕೋಣೆಯಲ್ಲಿ ಮಾತ್ರ.

"ನಾಕ್ ವರ್ಷ ಆ ರೂಮ್ನ ಅದ್ಕೆ ಬಿಟ್ಟಿವ್ನಿ. ಭಾನುವಾರ ನಾನೂ ಬಂದು ಕೇಳ್ತೀನಿ. ಚೆನ್ನಾಗಿದ್ರೆ ರೂಮು ನಿಮ್ದು. ಇಲ್ಲೆ ಅಂದ್ರೆ ಗಿಟಾರು ಅಟ್ಟಕ್ಕೆ, ಮಿಷಿನು ಒಳಕ್ಕೆ. ಸೋಮವಾರ ಬೆಳಿಗ್ಗೆನೇ ಬರಕ್ ಯೋಳಿವ್ನಿ."

ಭಾವ ನಕ್ಕು ತಲೆ ಆಡಿಸಿದರು. ನನ್ನನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ನಗು ಹೋಗಿತ್ತು. "ಭೂಪತಿ, ಅಟ್ಟಕ್ ಆಕಿದ್ರೆ ನಾನು ಸತ್ತೋಗ್ತೀನಿ ಕಣೋ," ಅಂದರು. ಐವತ್ತೆರಡು ವರ್ಷದ ಮನುಷ್ಯ, ಕಣ್ಣಲ್ಲಿ ನೀರು. ನಾನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದಿನಕ್ಕೆ ಮೂರು ಸಾವಿರ ಬನಿಯನ್ ಚೆಕ್ ಮಾಡಿಸುವವನು, ವಾರಕ್ಕೆ ಒಂದೇ ರಜೆ. ಆ ರಜೆಯ ಜೊತೆಗೆ ಒಂದು ವಾರದ ಸಂಬಳವಿಲ್ಲದ ರಜೆಯನ್ನೂ ಭಾವನ ಕಣ್ಣೀರಿಗೆ ಬರೆದುಕೊಟ್ಟೆ. ಬುದ್ಧಿಯಿಲ್ಲ ನನಗೆ.

ಕೊಯಮತ್ತೂರಿನಲ್ಲಿ ಇಸ್ಮಾಯಿಲ್ ಎಂಬವರ ಸಂಗೀತ ಸಾಮಾನಿನ ಅಂಗಡಿ ಇದೆ. ಭಾವ, ಅಕ್ಕ, ನಾನು ಮೂವರೂ ಗಿಟಾರ್ ಹೊತ್ತು ಅಲ್ಲಿಗೆ ಹೋದೆವು. ಮೈಸೂರಿನಿಂದ ಬಂದು ನೆಲೆಸಿದ ಹಿರಿಯರು, ಬಿಳಿ ಗಡ್ಡ, ತುಂಬಾ ತಾಳ್ಮೆ. ಕನ್ನಡ ಮಾತು ಕಿವಿಗೆ ಬಿದ್ದದ್ದೇ ಟೀ ತರಿಸಿದರು. ಆಮೇಲೆ ಗಿಟಾರನ್ನು ಕೈಗೆ ತೆಗೆದುಕೊಂಡು ವೈದ್ಯರ ಹಾಗೆ ತಟ್ಟಿ ನೋಡಿದರು.

"ಮರ ಚೆನ್ನಾಗಿದೆ. ಇದಕ್ಕೆ ಒಳಗಡೆ ಒಂದು ಪಿಕಪ್ ಪಟ್ಟಿ ಕೂರಿಸಿ ಕೊಡ್ತೀನಿ, ತಂತಿಯ ಸದ್ದನ್ನ ಅದು ಸ್ಪೀಕರಿಗೆ ಕಳಿಸುತ್ತೆ. ಜನ ಎಷ್ಟು?"

"ನಲವತ್ತು!" ಎಂದರು ಭಾವ.

ನಮ್ಮ ಮನೆಯವರು ಮಾತಾಡುವುದು ಎಂಟು ಮಗ್ಗದ ಮೇಲಿಂದ. ಬೇರೆ ಥರ ಮಾತಾಡಲು ನಮಗೆ ಬರುವುದಿಲ್ಲ. 'ನಲವತ್ತು' ಕೇಳಿ ಹೊರಗೆ ಹೋಗುತ್ತಿದ್ದ ಇಬ್ಬರು ನಿಂತರು.

"ಹಾಗಾದ್ರೆ ಇದು ಸಾಕು," ಎಂದು ಇಸ್ಮಾಯಿಲ್ ಸಾಹೇಬರು ಒಂದು ಪುಟ್ಟ ಪೆಟ್ಟಿಗೆ ತೋರಿಸಿದರು. "ಮೂವತ್ತು ವಾಟು. ಅಕೌಸ್ಟಿಕ್ ಗಿಟಾರಿಗೆ ಅಂತಲೇ ಮಾಡಿದ್ದು. ಗಟ್ಟಿ ಸದ್ದು ಮುಖ್ಯ ಅಲ್ಲ, ಮರದ ದನಿ ಮರದ ಹಾಗೇ ಕೇಳಬೇಕು."

"ಎಷ್ಟು ದೂರ ಕೇಳ್ಸ್ತದೆ?" ಎಂದು ಅಕ್ಕ ಕೇಳಿದಳು. ನಮ್ಮೂರಿನಲ್ಲಿ ಸೌಂಡ್ ಸೆಟ್ಟಿನ ಯೋಗ್ಯತೆ ಅಳೆಯುವುದು ಮೈಲಿಯಲ್ಲಿ. ಮಗುವಿನ ಕಿವಿ ಚುಚ್ಚುವ ಶಾಸ್ತ್ರದ ಮನೆಯ ಹಾಡು ಪಕ್ಕದ ಊರಿಗೆ ಕೇಳದಿದ್ದರೆ ಆ ಮನೆಯವರಿಗೆ ಗತಿಯಿಲ್ಲ ಎಂದು ಅರ್ಥ.

"ದೂರ ಯಾಕಮ್ಮ? ಕೋಣೆಯೊಳಗೆ ಕೇಳುತ್ತೆ."

"ಕೋಣೆ ಒಳಗಾ? ಅದ್ಕೆ ಪೆಟ್ಟಿಗೆ ಯಾಕೆ?"

"ನೀ ಸುಮ್ನಿರೆ ಚಂದ್ರಾ!"

"ನಾ ಯಾಕ್ ಸುಮ್ನಿರ್ಲಿ!"

ಇದು ಅವರಿಬ್ಬರ ಪ್ರೀತಿಯ ಸಂಭಾಷಣೆ, ನನಗೆ ಗೊತ್ತು. ಪಕ್ಕದ ಟೀ ಅಂಗಡಿಯವನಿಗೆ ಗೊತ್ತಿರಲಿಲ್ಲ. ಅವನು ಓಡಿಬಂದು ಭಾವನ ತೋಳು ಹಿಡಿದು, ಹೆಂಗಸಿನ ಮೇಲೆ ಕೈ ಮಾಡಬೇಡಿ ಅಣ್ಣಾ ಎಂದು ತಮಿಳಿನಲ್ಲಿ ಬೇಡಿಕೊಂಡ. ಬಾಗಿಲಲ್ಲಿ ಹತ್ತು ಜನ ಸೇರಿದರು. ಇಸ್ಮಾಯಿಲ್ ಸಾಹೇಬರು ಗಾಬರಿಯಿಂದ ಪಿಕಪ್ ಕೂರಿಸಿ, "ಮನೆಗೆ ತಗೊಂಡ್ಹೋಗಿ, ಸಮಾಧಾನವಾಗಿ ನೋಡಿ, ಬೇಡ ಅಂದ್ರೆ ಬದಲಾಯಿಸಿ ಕೊಡ್ತೀನಿ," ಎಂದು ನಮ್ಮನ್ನು ಕಳಿಸಿಕೊಟ್ಟರು.

ಮನೆಯಲ್ಲಿ ಪರೀಕ್ಷೆ ನಡೆದದ್ದು ಶೆಡ್ಡಿನಲ್ಲಿ. ಬೇರೆ ಎಲ್ಲಿ ನಡೆಯಬೇಕು? ನೆಂಟರೆಲ್ಲ ಬಂದರು. ಪೆಟ್ಟಿಗೆಯನ್ನು ಮೊದಲನೇ ಮಗ್ಗದ ಪಕ್ಕ ಸ್ಟೂಲಿನ ಮೇಲಿಟ್ಟು, ನಮ್ಮ ಹಳೆಯ ನೇಕಾರ ಸೆಲ್ಲಪ್ಪನ್‌ನನ್ನು ಎಂಟನೇ ಮಗ್ಗದ ಹತ್ತಿರ ನಿಲ್ಲಿಸಿದರು. ಅವನಿಗೆ ಕೇಳಿದರೆ ಲೋಕಕ್ಕೇ ಕೇಳಿದ ಹಾಗೆ ಎಂದು ಭಾವನ ಸಿದ್ಧಾಂತ. ಮಗ್ಗಗಳು ಓಡುತ್ತಲೇ ಇದ್ದವು. ಅವನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನ್ನನ್ನೇ ಬೈದುಕೊಂಡು ಹೇಳುತ್ತೇನೆ, ನನಗೂ ಹೊಳೆಯಲಿಲ್ಲ. ಉಸಿರಾಟ ನಿಲ್ಲಿಸಿ ಪರೀಕ್ಷೆ ಮಾಡಿ ಎಂದು ಯಾರು ಹೇಳುತ್ತಾರೆ?

ಭಾವ ಬಾರಿಸಿದರು. ಸೆಲ್ಲಪ್ಪನ್ ಹೌದೆಂದು ತಲೆ ಆಡಿಸಿದ. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಪೆಟ್ಟಿಗೆಯ ಸ್ವಿಚ್ಚೇ ಹಾಕಿರಲಿಲ್ಲ.

"ಕೇಳಿಸ್ತು ಅಂದ್ಯಲ್ಲೋ!"

"ಕೈ ಆಡ್ತಾ ಇರೋದು ಚೆನ್ನಾಗಿ ಕಾಣಿಸ್ತು ಮೊದಲಾಳಿ," ಎಂದು ಸೆಲ್ಲಪ್ಪನ್ ತನ್ನ ಧಣಿಗೆ ಹೇಳಿದ. ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಮೂವತ್ತು ವರ್ಷದಿಂದ ಅವನು ಕಿವಿಯ ಕೆಲಸವನ್ನೆಲ್ಲ ಕಣ್ಣಿನಿಂದಲೇ ಮಾಡಿಕೊಂಡು ಬಂದವನು.

ಎರಡನೇ ಸಲ ಅವನ ಕಣ್ಣಿಗೆ ಟವೆಲ್ ಕಟ್ಟಿದರು. ಸ್ವಿಚ್ ಹಾಕಿ ಪೂರ್ತಿ ತಿರುಗಿಸಿ ಬಾರಿಸಿದರು. ಸೆಲ್ಲಪ್ಪನ್ ಕಂಬದ ಹಾಗೆ ನಿಂತಿದ್ದ. ಭಾವ ಅಲ್ಲಿಂದಲೇ ಇಸ್ಮಾಯಿಲ್ ಸಾಹೇಬರಿಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ, ನಾವಿಬ್ಬರೂ ಎರಡು ಕಡೆಯಿಂದ ಫೋನಿಗೇ ಕಿವಿ ಒತ್ತಿಕೊಂಡು.

"ಸಾರ್, ಏನೂ ಕೇಳ್ಸದಿಲ್ಲೆ!"

"ಇರಿ ಇರಿ. ಹಿಂದೆ ಕಡಕಡಕಡ ಅಂತ ಭಯಂಕರ ಸದ್ದು ಬರ್ತಿದೆಯಲ್ಲ?"

"ಯಾವ ಸದ್ದು? ಇಲ್ಲಿ ಸದ್ದೇ ಇಲ್ಲೆ ಸಾರ್!"

"ಅದು ನಿಮಗೆ ಕೇಳಿಸ್ತಾ ಇಲ್ವಾ?"

"ಇಲ್ಲೆ!"

"ಭೂಪತಿ ಅವರಿಗೆ?"

ನಾನೂ ಸುತ್ತ ನೋಡಿ, ಅಂಥದ್ದೇನೂ ಇಲ್ಲ ಎಂದೆ. ಸಾಹೇಬರು ದೇವರನ್ನು ನೆನೆದರು. ಪೆಟ್ಟಿಗೆಯೊಳಗೆ ಅರ್ತಿಂಗ್ ಹೋಗಿದೆ, ಇಂಥ ಗೊರಗೊರವನ್ನು ನಲವತ್ತು ವರ್ಷದ ಅನುಭವದಲ್ಲಿ ತಾನು ಕೇಳಿಲ್ಲ, ತಕ್ಷಣ ತನ್ನಿ ಎಂದರು. ಮಾರನೆಯ ದಿನ ನೂರು ವಾಟಿನದು ಕೊಟ್ಟರು. ಅದೂ ಹಾಗೇ. ಫೋನಿನಲ್ಲಿ ಅದೇ ಗೊರಗೊರ. ಅದರ ಮರುದಿನ ಕಾಲೇಜು ವಾರ್ಷಿಕೋತ್ಸವಕ್ಕೆ ಕೊಡುವ, ಆಳೆತ್ತರದ ಕಂಬದಂಥ ಸ್ಪೀಕರ್ ಕೊಟ್ಟರು. ಅದಕ್ಕೂ ಗೊರಗೊರ. ಸಾಹೇಬರು ಮೂರು ಕಂಪನಿಗೆ ದೂರು ಬರೆದರಂತೆ. ಕೊನೆಗೆ ಸ್ವತಃ ಬಂದು ನೋಡುತ್ತೇನೆ ಎಂದರು. ಹಿರಿಯರಿಗೆ ಯಾಕೆ ಶ್ರಮ ಎಂದು ಭಾವ ಗೌರವದಿಂದ ಬೇಡವೆಂದರು. ಆ ಗೌರವದಿಂದಲೇ ನಾವು ಕೆಟ್ಟೆವು.

ಶುಕ್ರವಾರಕ್ಕೆ ಭಾವ ಊಟ ಬಿಟ್ಟರು. ಅಕ್ಕ ಗಿಟಾರಿನ ಕೋಣೆಯನ್ನು ಮೊಳ ಹಾಕಿ ಅಳೆಯುತ್ತಿದ್ದಳು.

ಆಗ ನೆಂಟರೊಬ್ಬರು ಪೊಳ್ಳಾಚಿ ಕಡೆಯ ಮಯಿಲ್‌ಸಾಮಿಯನ್ನು ಕರೆತಂದರು. ಸೌಂಡ್ ಸರ್ವಿಸ್ ಮಯಿಲ್‌ಸಾಮಿ ಎಂದರೆ ನಾಲ್ಕು ತಾಲ್ಲೂಕಿಗೆ ಗೊತ್ತು. ಅವನ ಬಳಿ ಇರುವುದು ತೆಂಗಿನ ಮರಕ್ಕೆ ಕಟ್ಟುವ ಹಾರ್ನ್ ಸ್ಪೀಕರ್, ಬೀರುವಿನಷ್ಟು ದೊಡ್ಡ ಎರಡು ಬಾಸ್ ಪೆಟ್ಟಿಗೆ. ಅವನು ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕೆ ನಾಲ್ಕು ಹಾರ್ನ್ ಸಾಕು," ಎಂದ. ಅವನು ಬಹಳ ಕಡಿಮೆ ಮಾತಿನವನು.

ನಾಲ್ಕು ಹಾರ್ನ್ ಶೆಡ್ಡಿನೊಳಗೆ ಕಟ್ಟಿ ಸ್ವಿಚ್ ಹಾಕಿದ. ಭಾವ ಇನ್ನೂ ತಂತಿ ಮುಟ್ಟಿರಲಿಲ್ಲ, ಗಿಟಾರ್ ತಾನಾಗಿಯೇ ಕೂಗಿಕೊಂಡಿತು. ಸ್ಪೀಕರಿನ ಸದ್ದು ಗಿಟಾರಿನ ಹೊಟ್ಟೆಗೆ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಹೋಗಿ, ಹೀಗೆ ಸುತ್ತುತ್ತದಂತೆ. ಪಕ್ಕದ ತೋಟದ ಕಾಂಗೇಯಂ ತಳಿಯ ಎತ್ತು ಹಗ್ಗ ಕಿತ್ತುಕೊಂಡು ಅವಿನಾಶಿ ಊರಿನ ದಾರಿ ಹಿಡಿಯಿತು.

"ಹೊಟ್ಟೆ ತುಂಬಿದ್ರೆ ಕೂಗಲ್ಲ," ಎಂದ ಮಯಿಲ್‌ಸಾಮಿ. ನಾನು ತಿರುಪ್ಪೂರಿನಿಂದ ಬನಿಯನ್ ವೇಸ್ಟ್ ತಂದೆ, ಹೊಲಿಗೆಯಲ್ಲಿ ಉಳಿದ ಚಿಂದಿ, ಎರಡು ಕಿಲೋ. ಗಿಟಾರಿನ ದುಂಡು ಬಾಯಿಯಿಂದ ಅದನ್ನೆಲ್ಲ ತುರುಕಿದೆವು. ಗಿಟಾರ್ ತೆಪ್ಪಗಾಯಿತು. ಸೆಲ್ಲಪ್ಪನ್‌ನ ಕಣ್ಣಿಗೆ ಮತ್ತೆ ಟವೆಲ್ ಕಟ್ಟಿ, ಮಯಿಲ್‌ಸಾಮಿ ತಿರುಪನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದ. ಕೊನೆಯಲ್ಲಿ ಇನ್ನೊಂದು ಬೆರಳಷ್ಟು ಜಾಗ ಉಳಿದಾಗ ಸೆಲ್ಲಪ್ಪನ್ ಬೆಚ್ಚಿಬಿದ್ದು ಟವೆಲ್ ಕಿತ್ತೆಸೆದು, "ಕೇಕ್ಕುದು ಮೊದಲಾಳಿ, ಕೇಕ್ಕುದು!" ಎಂದು, ಕೇಳಿಸುತ್ತಿದೆ ಎಂಬುದನ್ನು ತಮಿಳಿನಲ್ಲೇ ಕೂಗುತ್ತಾ ಕುಣಿದ. ಭಾವ ಅವನನ್ನು ತಬ್ಬಿಕೊಂಡರು. ಅಕ್ಕ ಆ ತಿರುಪು ನಿಂತ ಜಾಗಕ್ಕೆ ಕುಂಕುಮ ಇಟ್ಟಳು. ಶರತ್ತು ಬೇರೆ, ಶಾಸ್ತ್ರ ಬೇರೆ ಎಂಬುದು ಅವಳ ನಿಲುವು.

ಭಾನುವಾರ ಸಂಜೆ ಐದೂವರೆಗೆ ನಮ್ಮ ವ್ಯಾನು ಸರವಣಂಪಟ್ಟಿಯಲ್ಲಿರುವ ಮಂಜೇಶನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿತು. ಅಲ್ಲಿನ ಸಂಘದ ಕಾರ್ಯದರ್ಶಿ ತಿರುಮೂರ್ತಿ ಎಂಬವರು, ಸರ್ಕಾರಿ ಕಚೇರಿಯಿಂದ ನಿವೃತ್ತರಾದರೂ ಕೈಯಿಂದ ರಿಜಿಸ್ಟರ್ ಇಳಿಸದವರು. ವ್ಯಾನಿನ ಒಳಗೆ ಇಣುಕಿ ನೋಡಿದರು.

"ಯಾರ ಮದುವೆ?"

"ಹತ್ತು ನಿಮಿಷದ ಗಿಟಾರ್ ಸಾರ್," ಎಂದೆ.

ಅವರು ರಿಜಿಸ್ಟರಿನಲ್ಲಿ 'ಗಿಟಾರ್ ಒಂದು, ಹಾರ್ನ್ ನಾಲ್ಕು, ಬೀರು ಎರಡು' ಎಂದು ಬರೆದು ಸಹಿ ಹಾಕಿಸಿಕೊಂಡರು.

ಸಭಾಂಗಣ ಎಂದರೆ ನಮ್ಮ ಶೆಡ್ಡಿನ ಅರ್ಧ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ತಣ್ಣಗೆ ಎಸಿ. ನಲವತ್ತು ಜನ ಕೂತಿದ್ದರು. ಎಲ್ಲರೂ ಮಂಜೇಶನ ಜಾತಿಯವರೇ, ಮಾತು ತುಟಿಯಿಂದ ಆಚೆ ಬೀಳುತ್ತಿರಲಿಲ್ಲ. ಭಾವ ಹೊಸ ವೇಷ್ಟಿ, ಬಿಳಿ ಅಂಗಿ. ನಾಲ್ಕು ಮೂಲೆಯಿಂದ ನಾಲ್ಕು ಹಾರ್ನು ಜನರ ಮುಖಕ್ಕೇ ನೋಡುತ್ತಿದ್ದವು. ಮಯಿಲ್‌ಸಾಮಿ ತಿರುಪನ್ನು ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಅದನ್ನು ಕುಂಕುಮದವರೆಗೆ ತಿರುಗಿಸಿದ.

ಭಾವ ಆರು ತಂತಿಯನ್ನೂ ಒಮ್ಮೆಗೇ ಮೀಟಿದರು.

ಆಮೇಲೆ ಏನಾಯಿತು ಎಂಬುದನ್ನು ತಿರುಮೂರ್ತಿಯವರ ರಿಜಿಸ್ಟರಿನಿಂದಲೇ ಕೊಡುತ್ತೇನೆ, ನನ್ನ ಕಣ್ಣು ಆಗ ಮುಚ್ಚಿತ್ತು. ಚಾವಣಿಯ ಬಿಳಿ ಹಲಗೆ ಮೂರು ಬಿದ್ದವು. ನೆಲಮಾಳಿಗೆಯಲ್ಲಿ ಹದಿನೇಳು ಕಾರುಗಳು ಒಟ್ಟಿಗೆ ಕೂಗಿಕೊಂಡವು. ನಾಲ್ಕನೇ ಮಹಡಿಯವರು ಗ್ಯಾಸ್ ಸಿಲಿಂಡರ್ ಎಂದು ತಿಳಿದು ಮೆಟ್ಟಿಲಿಳಿದು ರಸ್ತೆಗೆ ಹೋಗಿ ನಿಂತರು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಮ್ಮ ಕಿವಿಯ ಮಿಷಿನನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು. ತಿರುಮೂರ್ತಿಯವರು ವಯಸ್ಸನ್ನು ಮರೆತು ಓಡಿಬಂದು ಮೇನ್ ಸ್ವಿಚ್ ಎಳೆದು, ಫ್ಯೂಸನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಎಸಿಯೂ ನಿಂತಿತು. ಮಂಜೇಶ ಎದ್ದು, ಬೆವರು ಒರೆಸಿಕೊಂಡು, "ತುಂಬಾ... ಸ್ಪಷ್ಟವಾಗಿತ್ತು ಸಾರ್," ಎಂದ. ಒಳ್ಳೆಯ ಹುಡುಗ ಎಂದು ಹೇಳಿದೆನಲ್ಲ. "ಹಾಗೇ ಬಾರಿಸಿಬಿಡಿ, ಸೆಟ್ಟಿಲ್ಲದೇನೇ."

ಭಾವನ ಮುಖ ಸುಣ್ಣದಂತಾಗಿತ್ತು. ಎರಡನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕನನ್ನು ನೋಡಿದರು. ಅಕ್ಕ ಮೊಬೈಲ್ ತೆಗೆದು ಮಿಷಿನ್ನಿನವನ ನಂಬರನ್ನು ಹುಡುಕುತ್ತಿದ್ದಳು. ಭಾವ ಕುರ್ಚಿಯ ಮೇಲೆ ಕೂತು ಗಿಟಾರಿನ ಹೊಟ್ಟೆಯಿಂದ ಬನಿಯನ್ ಚಿಂದಿಯನ್ನು ಎಳೆಯತೊಡಗಿದರು. ಕೆಂಪು, ನೀಲಿ, ಹಳದಿ. ಎರಡು ಕಿಲೋ ಖಾಲಿಯಾಗಲು ಐದು ನಿಮಿಷ ಹಿಡಿಯಿತು. ನಲವತ್ತು ಜನ ಅದನ್ನೂ ಕಾರ್ಯಕ್ರಮದ ಭಾಗವೆಂದು ಗೌರವದಿಂದ ನೋಡಿದರು.

ಆಮೇಲೆ ಒಂದು ತಂತಿ ಮೀಟಿದರು. ಮೀಟಿದವರೇ ನಿಲ್ಲಿಸಿ, ಗಿಟಾರಿನ ಒಳಗೆ ಇಣುಕಿ ನೋಡಿ, ನನ್ನ ಕಡೆ ತಿರುಗಿದರು.

"ಭೂಪತಿ, ಇದು ಇಂಗಾ ಇರದು?"

ನಾಲ್ಕು ವರ್ಷದಲ್ಲಿ ಆ ಮನುಷ್ಯ ತನ್ನ ಗಿಟಾರನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು.

ಬಾರಿಸಿದರು. ನಮ್ಮ ಅಮ್ಮಂದಿರು ಕಂಡಿಕೆ ಸುತ್ತುವಾಗ ಹೇಳುತ್ತಿದ್ದ ಒಂದು ಹಾಡಿನ ಧಾಟಿ. ಅದನ್ನು ಯಾವ ಮೇಷ್ಟರ ಬೆರಳು ನೋಡಿ ಕಲಿತರೋ ದೇವರಿಗೇ ಗೊತ್ತು. ನಡುವೆ ಎರಡು ಸಲ ಎಡವಿದರು. ಹಾಗಿದ್ದೂ ಆ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಕ್ಕನ ಕೈಯಲ್ಲಿ ಮೊಬೈಲ್ ಹಾಗೇ ಉಳಿಯಿತು. ಅವಳು ಮುಂದಕ್ಕೆ ಬಾಗಿ ಕೇಳಿದಳು, ಇನ್ನೂ ಬಾಗಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, ಪರಮ ಗುಟ್ಟಿನಲ್ಲಿ ಹೇಳಿದಳು.

"ಚೆನ್ನಾಗಿ ಬಾರಿಸ್ತಾರೆ ಕಣೋ ಭೂಪತಿ! ನಾಕ್ ವರ್ಷ ಪಕ್ಕದಲ್ಲೇ ಇದ್ದು ನಾ ಕೇಳ್ದಂಗೇ ಇದ್ಬಿಟ್ಟೆ ನೋಡು, ಪಾಪಿ ನಾನು! ಆ ಮಿಷಿನ್ನೋನಿಗೆ ಬ್ಯಾಡ ಅಂತ ಯೋಳ್ಬಿಡು. ಅವ್ರ್ಗೆ ಮಾತ್ರ ಯೋಳ್ಬ್ಯಾಡ, ತಲೆ ಮೇಲೆ ಕೂತ್ಕೋತಾರೆ!"

ಎಂಟು ಮಗ್ಗದ ಮೇಲಿಂದ ಹೇಳುವ ಗುಟ್ಟು. ನಲವತ್ತು ಜನಕ್ಕೂ ಕೇಳಿಸಿತು. ಅಜ್ಜಿಗೆ ಮಿಷಿನ್ ಇಲ್ಲದೆಯೇ ಕೇಳಿಸಿತು. ನಲವತ್ತು ತಲೆಗಳೂ ಅಕ್ಕನ ಕಡೆ ತಿರುಗಿದವು. ಕೇಳಿಸದೆ ಉಳಿದವರು ಒಬ್ಬರೇ. ಅವರು ಗಲ್ಲವನ್ನು ಗಿಟಾರಿಗೆ ಒತ್ತಿ ಕಣ್ಣು ಮುಚ್ಚಿಕೊಂಡಿದ್ದರು.

ಹಾಡು ಮುಗಿದು ಭಾವ ಕಣ್ಣು ತೆರೆದಾಗ ಒಬ್ಬನೂ ಅವರ ಕಡೆ ನೋಡುತ್ತಿರಲಿಲ್ಲ, ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಗಿಟಾರನ್ನು ಮೆಲ್ಲಗೆ ಚೀಲಕ್ಕೆ ಹಾಕಿ, ಜಿಪ್ ಎಳೆದು, ಅಕ್ಕನಿಗೆ ಹೇಳಿದರು.

"ಸರಿ ಚಂದ್ರಾ. ನಾಳೆ ಮಿಷಿನು ಬರ್ಲಿ. ನಾನೇ ರೂಮು ಗುಡಿಸಿ ಕೊಡ್ತೀನಿ."

ಅಕ್ಕ ನನ್ನ ತೊಡೆ ಚಿವುಟಿದಳು, ನಾನು ಬಾಯಿ ಬಿಡಬಾರದೆಂದು. ಮಂಜೇಶ ತಡೆಯಲಾರದೆ ಎದ್ದ. "ಸಾರ್, ಹಾಗಲ್ಲ, ಅಮ್ಮ ಅವರು ಈಗ ತಾನೇ ಹೇಳಿದ್ರು..."

"ಆ?" ಎಂದರು ಭಾವ, ಕಿವಿಗೆ ಕೈ ಹಚ್ಚಿ.

"ಅಮ್ಮ ಅವರಿಗೆ ಇಷ್ಟ ಆಯ್ತಂತೆ ಸಾರ್."

"ಆ? ಏನು?"

ಮಂಜೇಶ ಹಿಂದಕ್ಕೆ ತಿರುಗಿ ತನ್ನವರನ್ನು ನೋಡಿದ. ಹುಟ್ಟಿದಾರಭ್ಯ ದನಿ ಎತ್ತದ ಆ ನಲವತ್ತು ಜನ ಒಟ್ಟಿಗೆ ಎದ್ದು ನಿಂತು, ಎದೆ ತುಂಬಾ ಉಸಿರು ತೆಗೆದುಕೊಂಡು ಕೂಗಿದರು.

"ಚೆನ್ನಾಗಿದೆಯಂತೆ! ಮಿಷಿನ್ ಬೇಡವಂತೆ!"

ಮತ್ತೆ ಎರಡು ಕಾರು ಕೂಗಿಕೊಂಡವು. ತಿರುಮೂರ್ತಿಯವರು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು, ಜೇಬಿನಲ್ಲಿ ಫ್ಯೂಸ್ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಮತ್ತೇನು ಗಲಾಟೆ ಎಂದು ಕಿರುಚಿದರು.

ಭಾವನಿಗೆ ಕೇಳಿಸಿತ್ತು. ಕಿವಿಯವರೆಗೆ ಕೆಂಪಾದ ಅವರ ಮುಖವೇ ಅದನ್ನು ಹೇಳುತ್ತಿತ್ತು. ಆದರೂ ಆ ಮನುಷ್ಯ ಕಿವಿಯ ಹಿಂದಿನ ಕೈ ತೆಗೆಯದೆ, ಅಕ್ಕನ ಮುಖವನ್ನೇ ನೋಡುತ್ತಾ, ಸಭೆಗೆಲ್ಲ ಕೇಳುವ ಹಾಗೆ ಹೇಳಿದರು.

"ಸರಿಯಾಗಿ ಕೇಳ್ಸಲೆ ಇಲ್ಲೆ. ಇನ್ನೊಂದ್ಸಲ ಯೋಳಿ."

ಈ ಸಲ ನಲವತ್ತು ಜನರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ಅಕ್ಕ ಬಾಯಿಗೆ ಅಡ್ಡ ಇಟ್ಟಿದ್ದ ಸೆರಗನ್ನು ತೆಗೆದು, ಎದ್ದು ನಿಂತು, ತಾನೇ ಹೇಳಿದಳು.